ಕಾಕಿಯ ಕುಣಿಗೆ ಬಂದ ನೀರು

ಹಳೆ ಮನೆಯಲ್ಲಿ ನೀರು ಸೋರಿದರೆ ಅದು ಮನೆಯ ತಪ್ಪು. ಹೊಸ ಅಪಾರ್ಟ್‌ಮೆಂಟಿನಲ್ಲಿ ಸೋರಿದರೆ ಪ್ಲಂಬರನ ತಪ್ಪು. ಕಟ್ಟಿಸಿದವನ ತಪ್ಪು, ಬಳಸುವವನ ತಪ್ಪು ಎಂಬ ಮಾತು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಬಾಗಲಕೋಟೆಯ ನವನಗರದಲ್ಲಿ ಮನೆ ಮಾಡಿಕೊಂಡು ಇಪ್ಪತ್ತೈದು ವರ್ಷದಿಂದ ಪೈಪು ಜೋಡಿಸುತ್ತಿದ್ದೇನೆ. ನವನಗರದ ಹೊಸ ಮನೆಗಳು, ಹಿನ್ನೀರಿಗೆ ಹೋಗದೆ ಉಳಿದ ಹಳೆ ಊರಿನ ಓಣಿಗಳು, ಬಾದಾಮಿಯ ಲಾಡ್ಜುಗಳು, ಹುನಗುಂದ, ಇಳಕಲ್, ಎಲ್ಲಿ ಕರೆದರೂ ಗಾಡಿಯ ಹಿಂದೆ ಚೀಲ ಕಟ್ಟಿಕೊಂಡು ಹೋಗುತ್ತೇನೆ. ಹೋದಲ್ಲೆಲ್ಲ ಒಂದೇ ಮಾತು: "ಹಳೇ ಮನಿ ಅಲ್ರಿ, ಮತ್ತೇನ ಆಗತೈತಿ?" ಮನೆಯವರೇ ತಲೆ ತಗ್ಗಿಸಿ ಹೀಗೆ ಹೇಳುತ್ತಾರೆ, ಮನೆಗೆ ವಯಸ್ಸಾದದ್ದು ತಾವು ಮಾಡಿದ ಅಪರಾಧವೆಂಬಂತೆ.

ಈ ಮಾತನ್ನು ಬೆಳೆಸಿದವರಲ್ಲಿ ನಾನೂ ಒಬ್ಬ. ನಮ್ಮ ಕಸುಬಿನಲ್ಲಿ ಒಂದು ರೂಢಿ ಇದೆ. ಹಳೆ ಮನೆಗೆ ಹೋದ ಕೂಡಲೇ ಅಂಗಳದಲ್ಲಿ ಎರಡು ಗೇಣು ಅಗೆದು, ಕಬ್ಬಿಣದ ಪೈಪಿನ ಒಂದು ತುಂಡು ಕತ್ತರಿಸಿ, ಅದರ ಬಾಯನ್ನು ಮನೆಯವರ ಕಡೆ ತಿರುಗಿಸಿ ಹಿಡಿಯುವುದು. ಒಳಗೆ ತುಕ್ಕು ಗಟ್ಟಿಯಾಗಿ ಕೂತು ಕಿರುಬೆರಳು ಹೋಗುವಷ್ಟೂ ಜಾಗ ಉಳಿದಿರುವುದಿಲ್ಲ. "ಅಯ್ಯ ಶಿವನ, ಇದರಾಗಿನ ನೀರ ಕುಡದೇವೇನ ನಾವು?" ಎಂದು ಅವರು ಗಾಬರಿಯಾಗುತ್ತಾರೆ. ಇಡೀ ಲೈನು ಬದಲಿಸಲು ಅಷ್ಟು ಸಾಕು. ಮೂವತ್ತು ವರ್ಷ ನೆಲದಲ್ಲಿದ್ದ ಯಾವ ಕಬ್ಬಿಣದ ಪೈಪನ್ನು ಕತ್ತರಿಸಿದರೂ ಒಳಗೆ ತುಕ್ಕೇ ಇರುತ್ತದೆ. ತುಕ್ಕು ಇದ್ದ ಮಾತ್ರಕ್ಕೆ ಅದು ಸೋರುತ್ತಿದೆ ಎಂದೇನೂ ಅಲ್ಲ. ಈ ಸಂಗತಿಯನ್ನು ಯಾವ ಪ್ಲಂಬರನೂ ಬಾಯಿ ಬಿಟ್ಟು ಹೇಳುವುದಿಲ್ಲ. ನಾನೂ ಹೇಳಿದವನಲ್ಲ.

ಈಗ ಹೇಳುತ್ತಿರುವುದು ಸಿಟ್ಟಿನಿಂದ. ಯಾರ ಮೇಲೆ ಸಿಟ್ಟು ಎಂದು ಕೇಳಿದರೆ, ಮೊದಲು ಇಳಕಲ್ಲಿನ ಒಂದು ಅಪಾರ್ಟ್‌ಮೆಂಟಿನವರ ಮೇಲೆ, ಆಮೇಲೆ ಅದನ್ನು ಕಟ್ಟಿಸಿದ ಗುತ್ತಿಗೆದಾರನ ಮೇಲೆ, ಕೊನೆಗೆ ನನ್ನ ಮೇಲೆ. ಈ ಸಾಲು ತಿರುವುಮುರುವಾಗಿದೆ ಎಂಬುದೂ ನನಗೆ ಗೊತ್ತಿದೆ.

ನಾನು ಹುಟ್ಟಿ ಬೆಳೆದದ್ದು ಇಳಕಲ್ಲಿನ ನೇಕಾರರ ಓಣಿಯಲ್ಲಿ. ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಗೋಡೆಯ ಈಚೆ ನಮ್ಮಪ್ಪನ ಕುಣಿಮಗ್ಗ, ಆಚೆ ಪಕ್ಕದ ಮನೆಯ ಕಾಕಾನ ಕುಣಿಮಗ್ಗ. ನೆಲದಲ್ಲಿ ಸೊಂಟದ ಆಳಕ್ಕೆ ಕುಣಿ ತೋಡಿ, ಒಳಗೆ ಸುತ್ತಲೂ ಕಲ್ಲು ಕಟ್ಟಿ, ಅಂಚಿಗೆ ಕೂತು ಕಾಲು ಇಳಿಬಿಟ್ಟು, ಕೆಳಗಿನ ಹಲಗೆ ತುಳಿಯುತ್ತ ನೇಯುವ ಮಗ್ಗ ಅದು. ಎರಡೂ ಕುಣಿಗಳ ನಡುವೆ ಇದ್ದದ್ದು ಒಂದು ಮೊಳ ಮಣ್ಣು, ಅದರ ಮೇಲೆ ಗೋಡೆ. ಅಪ್ಪ ಇಲ್ಲಿ ಕೆಮ್ಮಿದರೆ ಕಾಕಾ ಅಲ್ಲಿಂದ "ಮದ್ದ ತಗೊಂಡಿಲ್ಲೇನಪಾ?" ಎನ್ನುತ್ತಿದ್ದ. ಇಬ್ಬರೂ ದಿನವಿಡೀ ಮುಖ ನೋಡದೆ ಮಾತಾಡುತ್ತಿದ್ದರು. ಕಾಕಾ, ಕಾಕಿ ಎಂದರೆ ರಕ್ತಸಂಬಂಧವಲ್ಲ, ಓಣಿಯ ಸಂಬಂಧ. ಆದರೆ ನಮ್ಮವ್ವ ಹಾಸಿಗೆ ಹಿಡಿದ ವರ್ಷ ನನಗೆ ಅನ್ನ ಹಾಕಿದವಳು ಆ ಕಾಕಿಯೇ.

ಕಾಕಾ ಇದ್ದಾಗಲೇ ಸರದಿಯಲ್ಲಿ ನೇಯುತ್ತಿದ್ದ ಕಾಕಿ, ಅವನು ಹೋದ ಮೇಲೆ ಆ ಮಗ್ಗಕ್ಕೆ ತಾನೊಬ್ಬಳೇ ಕೂತಳು. ಅರವತ್ತು ದಾಟಿದ ಮೇಲೂ ನೇಯುತ್ತಲೇ ಇದ್ದಳು. ಮಗ ಗ್ರಾನೈಟ್ ಕಾರ್ಖಾನೆಗೆ ಹೋಗುತ್ತಾನೆ. ಸೊಸೆ ಮನೆಯಲ್ಲೇ ಕೂತು ನೂಲು ಸುತ್ತಿ ಕೊಡುತ್ತಾಳೆ. ಓಣಿಯಲ್ಲಿ ಪಾವರ್‌ಲೂಮುಗಳ ಗದ್ದಲ ಎದ್ದ ಮೇಲೂ ಕಾಕಿಯ ಸೀರೆಗೆ ಗಿರಾಕಿ ತಪ್ಪಿರಲಿಲ್ಲ. ದಡಿಗೂ ಸೆರಗಿಗೂ ಅವಳ ಕೈ ಬಿದ್ದರೆ ಅದರ ಚಂದವೇ ಬೇರೆ ಎಂದು ಅಂಗಡಿಯವರೇ ಒಪ್ಪುತ್ತಿದ್ದರು.

ನಮ್ಮ ಮನೆಯ ಕಥೆ ಬೇರೆ. ಅಪ್ಪ ಹೋದ ಮೇಲೆ ನಾನು ಮತ್ತು ನನ್ನ ಅಣ್ಣ ಸೇರಿ ಆ ಜಾಗವನ್ನು ಒಬ್ಬ ಗುತ್ತಿಗೆದಾರನಿಗೆ ಮಾರಿದೆವು. ಅವನು ಹಿಂದಿನ ಎರಡು ಜಾಗಗಳನ್ನೂ ಸೇರಿಸಿಕೊಂಡು ಎಂಟು ಮನೆಗಳ ಅಪಾರ್ಟ್‌ಮೆಂಟ್ ಎಬ್ಬಿಸಿದ. ಪ್ಲಂಬಿಂಗ್ ಕೆಲಸ ನನಗೇ ಕೊಟ್ಟ. ನಾನು ಆಗ ಹೆಮ್ಮೆಯಿಂದ ಬೀಗಿದ್ದೆ, ಹುಟ್ಟಿದ ಜಾಗದಲ್ಲೇ ನಾಲ್ಕಂತಸ್ತಿನ ಕಟ್ಟಡಕ್ಕೆ ನೀರು ಕೊಡುತ್ತಿದ್ದೇನೆ ಎಂದು.

ಮನೆ ಕೆಡವಿ ಮಣ್ಣು ಎತ್ತುವಾಗ ಅಪ್ಪನ ಕುಣಿ ಸಿಕ್ಕಿತು. ಗುತ್ತಿಗೆದಾರ ಅಂಚಿನಲ್ಲಿ ನಿಂತು ಬಗ್ಗಿ ನೋಡಿದ.

"ಇದೇನಲೇ, ಬಾವಿ ಇದ್ದಂಗ ಐತಿ?"

"ನಮ್ಮಪ್ಪನ ಮಗ್ಗದ ಕುಣಿರಿ."

"ಸುತ್ತ ಕಲ್ಲ ಕಟ್ಯಾರ. ಚೇಂಬರಿಗೆ ಬರೋಬ್ಬರಿ ಅಳತಿ. ಮತ್ತೊಂದ ಯಾಕ ಅಗೀತಿ?"

ಚೇಂಬರು ಎಂದರೆ ಎಂಟೂ ಮನೆಗಳ ಬಚ್ಚಲು, ಸಂಡಾಸು, ಅಡಿಗೆಮನೆಯ ನೀರೆಲ್ಲ ಒಂದು ಕಡೆ ಸೇರಿ, ಅಲ್ಲಿಂದ ಬೀದಿಯ ದೊಡ್ಡ ಲೈನಿಗೆ ಹೋಗುವ ತೊಟ್ಟಿ. ಬೇಡ ಎನ್ನಬಹುದಿತ್ತು. ಆದರೆ ಬಾಯಿಂದ ಬಂದದ್ದು ಇಷ್ಟೇ: "ಒಳಗ ಸಿಮೆಂಟಿನ ಗಿಲಾವ ಮಾಡಸ್ರಿ ಮತ್ತ. ಬಾಜೂಕ ಮಗ್ಗ ಐತಿ."

"ಮಾಡಸ್ತೇನಿ ತಗೋ," ಎಂದ.

ನಾನು ಪೈಪಿನ ಬಾಯಿಗಳನ್ನು ಆ ಕುಣಿಗೆ ತಿರುಗಿಸಿ ಬಂದೆ. ಎಂಟು ದಿನ ಬಿಟ್ಟು ಹೋದಾಗ ಮೇಲೆ ಕಲ್ಲಿನ ಮುಚ್ಚಳ ಕೂತಿತ್ತು. ಎತ್ತಿ ನೋಡಿದ್ದರೆ ಅರ್ಧ ನಿಮಿಷದ ಕೆಲಸ. ನೋಡಲಿಲ್ಲ. ಗಿಲಾವ ಆಗಿದೆ ಎಂದುಕೊಂಡೆ. ಆಗಿರಲಿಕ್ಕಿಲ್ಲ ಎಂದು ಮನಸ್ಸಿಗೆ ಅನ್ನಿಸಿದ್ದಕ್ಕೇ ನೋಡಲಿಲ್ಲವೇನೋ ಎಂದು ಈಗ ಅನ್ನಿಸುತ್ತದೆ.

ಮೂರು ವರ್ಷ ಏನೂ ಆಗಲಿಲ್ಲ. ಹೋದ ವರ್ಷ ಮಳೆಗಾಲ ಮುಗಿದ ಮೇಲೆ ಕಾಕಿ ಫೋನು ಮಾಡಿದಳು.

"ಏನಪಾ ನೀರಿನ ಡಾಕ್ಟರ, ಇತ್ತಾಗ ಹಾಯೂದ ಬಿಟ್ಟೇನು? ನನ್ನ ಕುಣ್ಯಾಗ ನೀರ ಬರಾಕತ್ತಾವ, ನೋಡ ಬಾ."

ನಾನು ಹೋದೆ. ಕಾಕಿ ಹೇಳಿದ್ದು ಕೇಳಿದರೆ ನಗು ಬರಬೇಕು, ಅಥವಾ ಅಳು. ಕುಣಿ ಒದ್ದೆಯಾಗಲು ಶುರುವಾಗಿ ಎರಡು ತಿಂಗಳಾಗಿತ್ತಂತೆ, ಅವಳು ಯಾರಿಗೂ ಹೇಳಿರಲಿಲ್ಲ. ಯಾಕೆಂದರೆ ನೇಕಾರರಿಗೆ ಕುಣಿಯಲ್ಲಿ ತಂಪು ಇದ್ದರೆ ಸುಖ. ನಮ್ಮ ಇಳಕಲ್ಲಿನ ಬಿಸಿಲಿಗೆ ನೂಲು ಒಣಗಿ ಪಟಪಟ ಹರಿಯುತ್ತದೆ. ಅದಕ್ಕೇ ಕುಣಿಗೆ ನೀರು ಚಿಮುಕಿಸುವುದು, ತೊಯ್ದ ಗೋಣಿತಟ್ಟು ಹಾಸುವುದು ಹಿಂದಿನಿಂದ ಬಂದದ್ದು. ಕಾಕಿಯ ಕುಣಿ ತಾನೇ ತಂಪಾಯಿತು.

"ಎಳಿ ಹರೀವಲ್ಲವು ಅಂತ ನಾ ಹಿಗ್ಗೇ ಹಿಗ್ಗಿದೆ," ಎಂದಳು. "ಭೂಮಿತಾಯಿ ಕಣ್ಣ ತಗದಾಳ ಅಂದೆ. ಈಗ ನೋಡಿದರ ಹಲಗೀತನಕಾ ನಿಂದರತೈತಿ."

ಮಣ್ಣಿನ ಕಮಟು ವಾಸನೆಯ ಜೊತೆ ಬೇರೊಂದು ವಾಸನೆಯೂ ಇತ್ತು. ಸೊಸೆ ಅದಕ್ಕೆಂದೇ ಲೋಬಾನದ ಹೊಗೆ ಹಾಕಿದ್ದಳು. ನನ್ನ ಮೂಗು ಇಪ್ಪತ್ತೈದು ವರ್ಷ ಇದೇ ಕೆಲಸ ಮಾಡಿದ ಮೂಗು. ಅದಕ್ಕೆ ಗೊತ್ತಾಗಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ನಾನು ಮಾಡಿದ್ದು ಎಲ್ಲ ಪ್ಲಂಬರರೂ ಮಾಡುವುದನ್ನೇ. ಅಂಗಳ ಅಗೆದೆ. ಪೈಪಿನ ತುಂಡು ಕತ್ತರಿಸಿದೆ. ಅದರ ಬಾಯನ್ನು ಕಾಕಿಯ ಕಡೆ ತಿರುಗಿಸಿ ಹಿಡಿದೆ.

"ನೋಡ ಕಾಕಿ. ಹಳೇ ಮನಿ, ಮತ್ತೇನ ಆಗತೈತಿ?"

ಅವಳು ಆ ತುಕ್ಕನ್ನು ನೋಡಿ ಮುಖ ಸಣ್ಣದು ಮಾಡಿಕೊಂಡಳು. "ನಿಮ್ಮ ಕಾಕಾ ಇದ್ದಾಗ ಹಾಕಿಸಿದ್ದಪಾ, ನಮಗೇನ ಗೊತ್ತು," ಎಂದಳು. ಎರಡು ದಿನ ಅಂಗಳವನ್ನೆಲ್ಲ ಹರಗಿ ಹೊಸ ಪೈಪು ಹಾಕಿದೆ. ಅವಳು ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ ಹಾಕಿ ಉಣ್ಣಿಸಿದಳು. ಕೈ ತೊಳೆಯಲು ನೀರು ಹಾಕುತ್ತ "ನೀ ಇದ್ದಿ, ಛಲೋ ಆತು" ಎಂದಳು. ಉಂಡು ಎದ್ದು ಬಂದೆ.

ನೀರು ನಿಲ್ಲಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಮತ್ತೆ ಫೋನು ಬಂತು. ಈ ಸಲ ಕಾಕಿಯ ದನಿಯಲ್ಲಿ ತಮಾಷೆ ಇರಲಿಲ್ಲ. ನಾನು ಮುಂಜಾನೆ ಬೇಗ ಹೊರಟು ಕಮತಗಿ, ಹುನಗುಂದ ದಾಟಿ ಎಂಟಕ್ಕೆಲ್ಲ ಅವಳ ಮನೆ ಮುಟ್ಟಿದೆ. ಅವಳು ಆಗಷ್ಟೇ ಮಗ್ಗಕ್ಕೆ ಕೂಡುವವಳಿದ್ದಳು. ಕಾಲು ತೊಳೆದು ಬಂದು, ಕುಣಿಯ ಅಂಚು ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಂಡು, ಆ ನೀರಿನೊಳಗೆ ಕಾಲಿಟ್ಟಳು. ನೀರು ಅವಳ ಪಾದದ ಮೇಲಿನ ಹರಡು ಮುಚ್ಚಿತು. ಹಾಗೇ ಹಲಗೆ ತುಳಿದಳು, ನೀರು ಚಳಕ್ ಎಂದಿತು.

"ಇದರಾಗ ಕುಂದರತೀ ಏನ ಕಾಕಿ?"

"ಮತ್ತೇನ ಮಾಡಲಿ? ಹಾಸು ಏರಿಸೇನಿ. ಅರ್ಧಾ ಸೀರಿ ಬಿಟ್ಟ ಏಳಲಿ? ಹತ್ತಕ್ಕ ಇಳೀತೈತಿ ತಗೋ."

"ಹತ್ತಕ್ಕ ಇಳೀತೈತಿ ಅಂದ್ರ?"

ಆಗ ಅವಳು ಹೇಳಿದ್ದನ್ನು ನಾನು ಸಾಯುವವರೆಗೆ ಮರೆಯಲಾರೆ. ಲಾಳಿ ಎಸೆಯುತ್ತಲೇ, ತಲೆ ಎತ್ತದೆ ಹೇಳಿದಳು.

"ದಿನಾ ಮುಂಜಾನಿ ಆರಕ್ಕ ಏರಾಕ ಹತ್ತತೈತಿ. ಎಂಟಕ್ಕ ಹರಡ ಮುಚ್ಚತೈತಿ. ಸಾಲಿ ಹುಡುಗರ ಬಸ್ಸ ಹೋದ ಮ್ಯಾಲೆ ಸಾವಕಾಶ ಇಳೀತೈತಿ. ಐತವಾರ ಒಂಬತ್ತರತನಕಾ ಹನೀನೂ ಇಲ್ಲ, ಆಮ್ಯಾಲೆ ಒಮ್ಮೆಲೇ ಬರತೈತಿ. ಹೋದ ವಾರ ಮೂರ ದಿನಾ ಇಳೀಲೇ ಇಲ್ಲ, ಯಾರದೋ ಮನಿಗೆ ಬೀಗರ ಬಂದಿದ್ದರು."

"ನಿನಗ ಹ್ಯಾಂಗ ಗೊತ್ತಾತ?"

"ಕಾಲಿಗೆ ಗೊತ್ತಾಗತೈತಿ."

ನನ್ನ ತಲೆಯ ಮೇಲೆ ಯಾರೋ ಹಾರೆ ಹಾಕಿದಂತಾಯಿತು. ಕಾಕಿಯ ಮನೆಗೆ ನಳ ಬರುವುದು ನಾಲ್ಕು ದಿನಕ್ಕೊಮ್ಮೆ, ಅದೂ ಎರಡು ತಾಸು. ಉಳಿದ ಹೊತ್ತು ಆ ಪೈಪಿನಲ್ಲಿ ನೀರೇ ಇರುವುದಿಲ್ಲ. ನೀರೇ ಇಲ್ಲದ ಪೈಪು ದಿನಾ ಮುಂಜಾನೆ ಆರಕ್ಕೆ ಸೋರುವುದು ಹೇಗೆ? ಇದನ್ನು ತಿಳಿಯಲು ಪ್ಲಂಬರ್ ಆಗಬೇಕಾಗಿಲ್ಲ, ತಲೆ ಇದ್ದರೆ ಸಾಕು. ನಾನು ಹಳೆ ಮನೆ ನೋಡಿದೆ, ಹಳೆ ಪೈಪು ನೋಡಿದೆ, ಅಲ್ಲಿಗೇ ನನ್ನ ಬುದ್ಧಿ ಮುಗಿದಿತ್ತು. ಆ ಹೆಂಗಸಿನ ಅಂಗಳವನ್ನು ಸುಮ್ಮಸುಮ್ಮನೆ ಅಗೆದು ಹಾಕಿದ್ದೆ.

ಎದ್ದು ಪಕ್ಕದ ಅಪಾರ್ಟ್‌ಮೆಂಟಿಗೆ ಹೋದೆ. ವಾಚ್‌ಮನ್‌ಗೆ ಲೈನು ನೋಡಬೇಕು ಎಂದು ಹೇಳಿ, ಕಾರು ನಿಲ್ಲಿಸುವ ಜಾಗದ ಮೂಲೆಯಲ್ಲಿದ್ದ ಚೇಂಬರಿನ ಮುಚ್ಚಳವನ್ನು ಹಾರೆಯಿಂದ ಎತ್ತಿದೆ. ಗಿಲಾವ ಇರಲಿಲ್ಲ. ಒಂದು ಹಿಡಿ ಸಿಮೆಂಟನ್ನೂ ತೋರಿಸಿರಲಿಲ್ಲ. ಅಪ್ಪನ ಕುಣಿಯ ಕಲ್ಲುಗಳು ಹಾಗೇ ಇದ್ದವು, ಸಂದಿಯ ಮಣ್ಣು ಮಾತ್ರ ಕರಗಿ ಹೋಗಿತ್ತು. ಎಂಟು ಮನೆಗಳ ಮುಂಜಾನೆ ಅದರೊಳಗೆ ತುಂಬಿ ನಿಂತಿತ್ತು. ಎಡಗಡೆಯ ಗೋಡೆಯಲ್ಲಿ ಒಂದು ಸಣ್ಣ ಗೂಡು. ಅಪ್ಪ ನೂಲಿನ ಕಂಡಿಕೆ ಕೈಗೆ ಸಿಗಲೆಂದು ಇಟ್ಟುಕೊಳ್ಳುತ್ತಿದ್ದ ಗೂಡು ಅದು. ಅದರೊಳಗೆ ಏನು ಕೂತಿತ್ತೆಂದು ಬರೆಯಲು ನನ್ನಿಂದ ಆಗದು. ಮುಚ್ಚಳ ಎಳೆದೆ.

ಕಾಕಿಗೆ ಹೋಗಿ ಏನು ಹೇಳಿದೆ? "ಆಚೀ ಕಡೆ ಲೈನ್ ಸೋರಾಕತ್ತೈತಿ ಕಾಕಿ. ನಾ ಮಾತಾಡ್ತೇನಿ." ಅಷ್ಟೇ. ಯಾವ ಲೈನು, ಯಾವ ನೀರು ಎಂದು ಹೇಳಲಿಲ್ಲ. ಅವಳು ಜಳಕದ ನೀರೆಂದು ತಿಳಿದುಕೊಂಡಳು. "ಸಬಕಾರದ ನೀರು, ಅದಕ್ಕ ಕಾಲ ಕಡೀತಾವ," ಎಂದಳು. ನಾನು ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ವಾಪಸು ಬರುವಾಗ ಹುನಗುಂದದ ಬಸ್‌ಸ್ಟ್ಯಾಂಡಿನ ಹತ್ತಿರ ಚಹಾ ಕುಡಿಯಲು ನಿಂತವನು ಕಪ್ಪನ್ನು ಅರ್ಧಕ್ಕೇ ಇಟ್ಟು ಬಂದೆ.

ಅಪಾರ್ಟ್‌ಮೆಂಟಿನವರದೊಂದು ಸಂಘವಿದೆ. ಅದಕ್ಕೊಬ್ಬ ಅಧ್ಯಕ್ಷರು, ನಿವೃತ್ತ ಅಧಿಕಾರಿ. ಕಾಕಿಯ ಸೊಸೆ ಅವರ ಬಾಗಿಲಿಗೆ ನಾಲ್ಕು ಸಲ ಹೋಗಿ ಬಂದಿದ್ದಳು. ನಾಲ್ಕು ಸಲವೂ ವಾಚ್‌ಮನ್ ಗೇಟಿನಲ್ಲೇ ನಿಲ್ಲಿಸಿ ಕೇಳಿಕೊಂಡಿದ್ದ. ನಾನೇ ಫೋನು ಮಾಡಿ ಒತ್ತಾಯಿಸಿದ ಮೇಲೆ ಒಂದು ಐತವಾರ ಹನ್ನೊಂದಕ್ಕೆ ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ ಕುರ್ಚಿ ಹಾಕಿ ಸಭೆ ಕರೆದರು. ಕಾಕಿಗೂ ಒಂದು ಕುರ್ಚಿ ಇತ್ತು, ಎಲ್ಲಕ್ಕಿಂತ ದೂರ. ಅದರ ಕಾಲಿನಿಂದ ಎರಡು ಹೆಜ್ಜೆ ಆಚೆಗೆ ಆ ಚೇಂಬರಿನ ಮುಚ್ಚಳವಿತ್ತು. ಅದು ಏನೆಂದು ಅವಳಿಗೆ ಗೊತ್ತಿರಲಿಲ್ಲ.

ಅಧ್ಯಕ್ಷರು ಪರಿಹಾರವನ್ನು ಮೊದಲೇ ಬರೆದುಕೊಂಡು ಬಂದಿದ್ದರು.

"ನೋಡವಾ ತಾಯಿ, ಈಗಿನ ಕಾಲದಾಗ ನೆಲಾ ತೋಡಿ ಕುಣ್ಯಾಗ ಕುಂತ ಯಾರ ನೇಯತಾರ? ತಗ್ಗ ಇದ್ದಲ್ಲೆ ನೀರ ಬರೂದ. ಅದನ್ನ ಮುಚ್ಚಿಬಿಡ್ರಿ. ನಾವೆಲ್ಲಾ ಕೂಡಿ ನಿಮಗ ಒಂದ ನೆಲದ ಮ್ಯಾಲಿನ ಮಗ್ಗಾ ಕೊಡಸ್ತೇವಿ. ಮಾನವೀಯತೆ ಅಂತ ಒಂದ ಇರತೈತಲ್ಲ?"

ಎಲ್ಲರೂ ತಲೆಯಾಡಿಸಿದರು. ತಮ್ಮ ಔದಾರ್ಯ ತಮಗೇ ಹಿಡಿಸಿದಂತಿತ್ತು. ಯಾರ ಮನೆಯ ನೀರು ಎಂದು ಒಬ್ಬರೂ ಕೇಳಲಿಲ್ಲ. ಅವಳ ನೆಲದಲ್ಲಿ ಕುಣಿ ಇರುವುದೇ ತಪ್ಪು, ಇವರ ಹೊಲಸು ಅಲ್ಲಿಗೆ ಹೋಗುವುದು ನೀರಿನ ಸಹಜಗುಣ. ಕುಣಿ ಮುಚ್ಚಿದರೆ ಕಾಕಿಯ ಕೈ ಮುಚ್ಚಿದಂತೆ ಎಂಬುದು ಅಲ್ಲಿ ಕೂತವರಲ್ಲಿ ಅವಳನ್ನು ಬಿಟ್ಟರೆ ನನಗೊಬ್ಬನಿಗೇ ಗೊತ್ತಿತ್ತು. ನಲವತ್ತು ವರ್ಷ ಕುಣಿಯಲ್ಲಿ ಪಳಗಿದ ಸೊಂಟ, ಕಾಲು ಬೇರೆ ಮಗ್ಗಕ್ಕೆ ಬಗ್ಗುವುದಿಲ್ಲ. ನಮ್ಮಪ್ಪನಿಗೂ ಬಗ್ಗಿರಲಿಲ್ಲ.

ಕಾಕಿ ಸೆರಗು ಸರಿಪಡಿಸಿಕೊಂಡು ಎದ್ದು ನಿಂತಳು.

"ನನ್ನ ಕುಣಿ ಮುಚ್ಚಬ್ಯಾಡ್ರೆಪಾ. ನಿಮ್ಮ ನೀರ ಮುಚ್ಚಿಕೊಳ್ರಿ," ಎಂದಳು. ಅನುಮಾನ ಬೇಡವೆಂದು ಪುರಾವೆಯನ್ನೂ ಕೊಟ್ಟಳು. ಆರು ಗಂಟೆಯಿಂದ ಶುರುಮಾಡಿ ಹೇಳುತ್ತ ಹೋದಳು. ಮುಂಜಾನೆ ಮೊದಲು ನೀರು ಬಿಡುವವರು ಯಾವಾಗ ಏಳುತ್ತಾರೆ, ಮಧ್ಯಾಹ್ನ ಮೂರಕ್ಕೆ ಯಾವ ದಿನ ಬಟ್ಟೆ ತೊಳೆಯುತ್ತಾರೆ, ಮೊನ್ನೆ ಯಾವ ಎರಡು ದಿನ ಯಾರದೋ ಮನೆಯಲ್ಲಿ ಹೊತ್ತುಗೊತ್ತಿಲ್ಲದೆ ನೀರು ಬಿಡುತ್ತಿದ್ದರು, ದೀಪಾವಳಿಗೆ ಎಷ್ಟು ಮನೆ ಬೀಗ ಹಾಕಿಕೊಂಡು ಊರಿಗೆ ಹೋಗಿದ್ದವು. ಒಂದೂ ತಪ್ಪಿರಲಿಲ್ಲ ಎಂಬುದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು.

ನಾಚಿಕೆಯಾಗಬೇಕಿತ್ತು. ಸಿಟ್ಟು ಬಂತು. ಮೊದಲ ಮಹಡಿಯ ಒಬ್ಬ ಹೆಣ್ಣುಮಗಳು ಕೆಂಪಾಗಿ, "ಅಂದ್ರ ನಾವು ಜಳಕಾ ಮಾಡೂದ, ಸಂಡಾಸಕ್ಕ ಹೋಗೂದ ಈಕಿ ಕುಂತ ಎಣಸ್ತಾಳೇನ್ರಿ?" ಎಂದಳು. ಇನ್ನೊಬ್ಬರು ಇದು ಖಾಸಗಿ ವಿಷಯ ಎಂದರು. ಮತ್ತೊಬ್ಬರು ಪೊಲೀಸರ ಹೆಸರು ತೆಗೆದರು. ಐದು ತಿಂಗಳು ಇವರ ಕೊಳಕಿನಲ್ಲಿ ಕಾಲಿಟ್ಟುಕೊಂಡು ಕೂತವಳು ಇವರ ಮಾನ ಕಳೆದಳಂತೆ! ನನ್ನ ಮೈ ಉರಿದುಹೋಯಿತು.

ಅಧ್ಯಕ್ಷರು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. "ಕಟ್ಟಡಕ್ಕ ಲೈನ್ ಹಾಕಿದ ಪ್ಲಂಬರ ಇಲ್ಲೇ ಅದಾನ. ಅವನನ್ನ ಕೇಳೋಣ. ಏನಪಾ, ಹಳೇ ಮನಿ ಪೈಪ ಸೋರೂದು ಅಲ್ಲೇನು ಇದು?"

ಹೌದು ಎಂದಿದ್ದರೆ ಆ ಅಪಾರ್ಟ್‌ಮೆಂಟಿನ ಕೆಲಸ ನನಗೇ ಇರುತ್ತಿತ್ತು, ಅವರ ನೆಂಟರಿಷ್ಟರ ಕೆಲಸವೂ ಬರುತ್ತಿತ್ತು. ಆದರೆ ಕಾಕಿಯ ಕುಣಿ ಹೋಗುತ್ತಿತ್ತು. ಅದನ್ನು ಉಳಿಸಲಿಕ್ಕೆಂದೇ ನಾನು ಬಾಯಿ ಬಿಟ್ಟೆ.

"ಅಲ್ರಿ. ಅವರ ಪೈಪ ಹೊಸಾದು, ನಾನ ಹಾಕೇನಿ. ನಿಮ್ಮ ಚೇಂಬರ್ ಸೋರಾಕತ್ತೈತಿ. ಅದು ಚೇಂಬರ್ ಅಲ್ಲ, ನಮ್ಮಪ್ಪನ ಮಗ್ಗದ ಕುಣಿ. ಗಿಲಾವ ಇಲ್ಲದ ಹಂಗ ನಿಮ್ಮ ಎಂಟೂ ಮನಿ ಸಂಡಾಸ ಅದರಾಗ ಬಿಟ್ಟೇವಿ. ಪೈಪ ತಿರುವಿದಾವ ನಾನ."

ಕಾಕಿ ನನ್ನ ಕಡೆ ತಿರುಗಿದಳು.

"ಸಂಡಾಸದ ನೀರನ?"

"ಹೂಂ ಕಾಕಿ."

"ನಿಮ್ಮಪ್ಪನ ಕುಣ್ಯಾಗ?"

ನಾನು ಮುಚ್ಚಳದ ಕಡೆ ಕೈ ತೋರಿಸಿದೆ. ಅವಳು ಕೆಳಗೆ ತನ್ನ ಕಾಲುಗಳನ್ನು ನೋಡಿಕೊಂಡಳು. ಬೆರಳ ಸಂದಿಗಳು ಬೆಳ್ಳಗೆ ಬಿರಿದಿದ್ದವು. ಆಮೇಲೆ ಗೇಟು ದಾಟಿ ಹೋದಳು. ಸಭೆ ಅವಳಿಲ್ಲದೆಯೇ ಮುಂದುವರಿದು, ಎಂಟು ದಿನದೊಳಗೆ ಹೊಸ ಚೇಂಬರನ್ನು ಬೀದಿ ಕಡೆ ಕಟ್ಟಿಸಬೇಕೆಂದು ಪುಸ್ತಕದಲ್ಲಿ ಬರೆದು ಎಲ್ಲರೂ ರುಜು ಹಾಕಿದರು. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಕುಣಿ ಉಳಿಯಿತು ಎಂದುಕೊಂಡೇ ಬಾಗಲಕೋಟೆಗೆ ಬಂದೆ.

ಐದನೆಯ ದಿನ ಕಾಕಿಯ ಫೋನು.

"ಒಂದ ಟ್ರ್ಯಾಕ್ಟರ್ ಗರಸು ಹೇಳಿ ಬಾ. ಕುಣಿ ಮುಚ್ಚೂದೈತಿ."

ನಾನು ಗಾಡಿ ಓಡಿಸಿಕೊಂಡು ಹೋದೆ. ಲೈನು ತೆಗೆಸುತ್ತೇನೆ, ಕುಣಿ ತೊಳೆಸುತ್ತೇನೆ, ಸುಣ್ಣ ಹೊಡೆಸುತ್ತೇನೆ, ಬೇಕಾದರೆ ಅಯ್ಯನವರನ್ನು ಕರೆಸಿ ಪೂಜೆ ಮಾಡಿಸೋಣ ಎಂದೆಲ್ಲ ಅಂಗಲಾಚಿದೆ. ಅವಳು ಒಂದನ್ನೂ ಹಚ್ಚಿಕೊಳ್ಳಲಿಲ್ಲ.

"ದಿನಾ ಮುಂಜಾನಿ ಅದನ್ನ ಮುಟ್ಟಿ ಕಣ್ಣಿಗೆ ಒತ್ತಿಕೊಂಡೇನಿ," ಎಂದಳು. "ಐದ ತಿಂಗಳಾ. ಇದೇ ಕೈಲೆ."

ಮಗ್ಗಕ್ಕೆ ಏರಿಸಿದ್ದ ಹಾಸಿನ ನೂಲನ್ನು ಕತ್ತರಿಸಿ, ಅರ್ಧ ನೇಯ್ದ ಸೀರೆಯನ್ನು ಮಡಿಚಿ ಒಳಗಿಟ್ಟಿದ್ದಳು. ಹಲಗೆಗಳನ್ನು ಬಿಚ್ಚಿ ತೊಳೆದು ಅಂಗಳದ ಬಿಸಿಲಿಗೆ ನಿಲ್ಲಿಸಿದ್ದಳು. ಸೊಸೆ ಬಾಗಿಲ ಹಿಂದೆ ನಿಂತು ಅಳುತ್ತಿದ್ದಳು. ಗರಸು ಮಣ್ಣು ಬಂತು. ಬುಟ್ಟಿಯ ಮೇಲೆ ಬುಟ್ಟಿ ನಾನೇ ಹೊತ್ತು ಹಾಕಿದೆ. ಬೇರೆ ಯಾರನ್ನೂ ಮುಟ್ಟಗೊಡಲಿಲ್ಲ. ಕುಣಿ ತುಂಬಿ ನೆಲಕ್ಕೆ ಸಮನಾಗುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು.

ಹೊರಗೆ ಬಂದರೆ 'ಮಾನವೀಯತೆ'ಯ ಅಧ್ಯಕ್ಷರು ಗೇಟಿನಲ್ಲಿ ನಿಂತಿದ್ದರು. ಬರಿದಾದ ಟ್ರ್ಯಾಕ್ಟರನ್ನು ನೋಡಿ ಅವರಿಗೆ ಸಮಾಧಾನವಾಗಿತ್ತು.

"ಛಲೋ ಕೆಲಸಾ ಆತು ನೋಡು. ಕಡೀಕೆ ತಿಳಕೊಂಡರು. ಇನ್ನ ಆ ಚೇಂಬರ್ ಒಡಿಯೂದ ಬ್ಯಾಡ ಬಿಡು. ಸಮಸ್ಯೇನ ಇಲ್ಲಲ್ಲ ಈಗ."

ಹಾರೆ ತೆಗೆದುಕೊಂಡು ಒಳಗೆ ಹೋದೆ. ಚೇಂಬರಿನ ಮುಚ್ಚಳ ಎತ್ತಿ, ದರದರ ಎಳೆದು ತಂದು, ಗೇಟಿನ ಹೊರಗೆ ಗಟಾರದ ಅಂಚಿನಲ್ಲಿ ಇಟ್ಟು, ಅದೇ ಹಾರೆಯಿಂದ ಎರಡು ಏಟು ಹಾಕಿದೆ. ಕಲ್ಲು ಎರಡು ಹೋಳಾಯಿತು. ಅಪ್ಪನ ಕುಣಿ ಅವರ ಕಾರುಗಳ ನಡುವೆ ಬಾಯಿ ತೆರೆದು ಮಲಗಿತು. ಯಾರೂ ಕಾಲು ಜಾರಿ ಬೀಳದಿರಲೆಂದು ಸುತ್ತ ನಾಲ್ಕು ಗೂಟ ನೆಟ್ಟು ಹಗ್ಗ ಕಟ್ಟಿದೆ. ಅಷ್ಟು ಮರ್ಯಾದೆ ತೋರಿಸಿದೆ.

"ಪುಸ್ತಕದಾಗ ಬರದ ಸಹಿ ಮಾಡೀರಿ. ಅದರಂಗ ಮಾಡೂತನಕಾ ಇದ ಹಿಂಗ ಇರತೈತಿ," ಎಂದೆ.

ಕಾಕಿಯ ಕಾಲಬುಡದಲ್ಲಿ ಐದು ತಿಂಗಳು ಇದ್ದಾಗ ಯಾರಿಗೂ ನಾರದ ನೀರು, ತಮ್ಮ ಕಾರಿನ ಬಾಗಿಲಿಗೆ ಬಂದಾಗ ಮೂರೇ ದಿನದಲ್ಲಿ ನಾರಿತು. ಮೂರೇ ದಿನ! ಬೀದಿ ಕಡೆ ಹೊಸ ಚೇಂಬರು ಎದ್ದಿತು, ಒಳಗೆ ಹೊರಗೆ ಗಿಲಾವವಾಯಿತು, ಅಪ್ಪನ ಕುಣಿಯನ್ನು ಬಳಿದು ತೆಗೆದು ಮಣ್ಣು ತುಂಬಿದರು. ಕೆಲಸಕ್ಕೆ ಬೇರೆ ಪ್ಲಂಬರನನ್ನು ಕರೆಸಿದ್ದರು. ಹೊಸ ಚೇಂಬರಿನ ಫೋಟೋ ತೆಗೆದು ತಮ್ಮ ವಾಟ್ಸಾಪ್ ಗುಂಪಿನಲ್ಲಿ ಹಾಕಿ, ಅಧ್ಯಕ್ಷರ ಮುತುವರ್ಜಿಗೆ ಎಲ್ಲರೂ ಕೈ ಮುಗಿದಿದ್ದರಂತೆ. ನನ್ನನ್ನು ಒಳಗೆ ಬಿಡಬಾರದೆಂದು ವಾಚ್‌ಮನ್‌ಗೆ ಅಪ್ಪಣೆಯಾಗಿದೆ. ಅದನ್ನು ಅವನೇ ಸಂಕೋಚದಿಂದ ಹೇಳಿದ.

ಈ ಬೇಸಿಗೆಯಲ್ಲಿ ಕಾಕಿಯ ಮನೆಗೆ ಹೋದೆ. ಮಗ್ಗವಿದ್ದ ಪಡಸಾಲೆಯಲ್ಲಿ ಈಗ ಚಾಪೆ ಹಾಸಿದೆ. ಅವಳು ಗೋಡೆಗೊರಗಿ ಕೂತು, ಮೂರನೇ ಮನೆಯ ಪಾವರ್‌ಲೂಮಿನವರಿಗೆ ಕಂಡಿಕೆ ಸುತ್ತುತ್ತಿದ್ದಳು. ತನ್ನ ಕೈಗೆ ಬೇರೆಯವರು ಸುತ್ತಿ ಕೊಟ್ಟ ನೂಲಿನಿಂದ ನಲವತ್ತು ವರ್ಷ ಸೀರೆ ನೇಯ್ದವಳು. ನಾನು ಎದುರಿಗೆ ಕೂತೆ. ಆಚೆಯ ನೆಲ ಪೂರಾ ಒಣಗಿದೆ, ಇನ್ನು ಒಂದು ಹನಿಯೂ ಬರುವುದಿಲ್ಲ, ಈ ಮೂಲೆ ಬೇಡವಾದರೆ ಆ ಕಡೆಯ ಗೋಡೆಗೆ ಹೊಸ ಕುಣಿ ತೋಡಿ, ಕಡೆದ ಕಲ್ಲಿನಲ್ಲಿ ನಾನೇ ಕಟ್ಟಿ ಕೊಡುತ್ತೇನೆ ಎಂದೆ.

"ತೋಡತಿ. ನೀ ಕೆಲಸಗಾರ, ಅದು ಖರೆ," ಎಂದಳು. "ಈ ಕಾಲ ಇಳೀಬೇಕಲ್ಲ?"

ನನಗೆ ತಡೆಯಲಾಗಲಿಲ್ಲ. ಅಪಾರ್ಟ್‌ಮೆಂಟಿನವರನ್ನು ನಾನು ಬಾಯಿಗೆ ಬಂದಂತೆ ಬೈದಿದ್ದೆ, ಗುತ್ತಿಗೆದಾರನ ಮನೆಯ ಮುಂದೆ ನಿಂತು ಕೂಗಾಡಿ ಬಂದಿದ್ದೆ. ನನ್ನನ್ನು ಮಾತ್ರ ಇಷ್ಟು ದಿನವಾದರೂ ಯಾರೂ ಬೈದಿರಲಿಲ್ಲ.

"ನನ್ನ ಬೈಯರ ಬೈ ಕಾಕಿ. ಕಪಾಳಕ್ಕ ಎರಡ ಹೊಡಿ."

ಅವಳು ಸುತ್ತುವ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು.

"ಬೈದರ ನಿನ್ನ ಎದಿ ಹಗರ ಆಗತೈತಿ," ಎಂದಳು. "ಅದಕ್ಕ ಬೈಯೂದಿಲ್ಲ."